ಬುರುಡೆಯಿಲ್ಲದ ನಲವತ್ತು ದಿನ

ಉಲ್ಲಾಳ ಕೆರೆಯ ಮೊಸಳೆಯನ್ನು ಬರೀ ಇಸ್ತ್ರಿಪೆಟ್ಟಿಯಿಂದ ಓಡಿಸಿದವನು ನಾನು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಊಟದ ಹೊತ್ತಿಗೆ ಇಂಥದ್ದು ದಿನಕ್ಕೊಂದು ಹೇಳುತ್ತಿದ್ದೆ. ಪ್ರತಿ ವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲಕ್ಕೆ ನಾನು ಮಾಂಸ ಬಿಟ್ಟಾಗ ಹೆಂಡತಿ ಜ್ಞಾನಮ್ಮ ನಗುತ್ತಿದ್ದಳು.

"ಕುರಿ ಕೋಳಿಗೆ ಯಾಕ್ರೀ ಉಪಕಾರ? ನಲವತ್ತು ದಿನ ಬುರುಡೆ ಹೊಡೆಯೋದು ನಿಲ್ಸಿ ನೋಡೋಣ!"

ಈ ಜನವರಿಯಲ್ಲಿ ಅವಳು ಆಸ್ಪತ್ರೆಯಲ್ಲಿ ತೀರಿಕೊಂಡಳು. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು, ಈ ಸಲ ಅವಳು ಹೇಳಿದ ಹಾಗೇ ಮಾಡುತ್ತೇನೆಂದು ದೇವರಿಗೆ ಮಾತು ಕೊಟ್ಟೆ. ಕಷ್ಟವೇನೂ ಆಗಲಿಲ್ಲ. ಯಾವ ಕಥೆಯೂ ಬಾಯಿಗೆ ಬರುತ್ತಲೇ ಇರಲಿಲ್ಲ.

ಒಂದು ಭಾನುವಾರ ಚರ್ಚಿನಿಂದ ಬಂದ ಮೇಲೆ ಮಗಳು ರೋಸ್ಲಿನ್ ಪಕ್ಕದಲ್ಲಿ ಕೂತಳು. ಅಮ್ಮ ಹೋದ ದಿನ ಅವಳು ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಆಸ್ಪತ್ರೆಗೆ ತಡವಾಗಿ ಬಂದಿದ್ದಳು.

"ಅಪ್ಪಾ, ಕೊನೇಲಿ ಅಮ್ಮ ರೋಸಿ ಎಲ್ಲಿ ಅಂತ ಕೇಳಿದ್ಲಾ?"

ಎಷ್ಟೋ ದಿನದ ಮೇಲೆ ಒಂದು ಕಥೆ ತಾನಾಗಿಯೇ ಬಂತು. ಜ್ಞಾನಮ್ಮ ಕಣ್ಣು ಬಿಟ್ಟಳು, ನಕ್ಕಳು, ರೋಸಿ ಎಂದಳು. ಮಗಳು ನಂಬುವುದಕ್ಕೆ ಕಾಯುತ್ತಿದ್ದಳು. ನಾನು ಆ ಕಥೆಯನ್ನು ನುಂಗಿಕೊಂಡೆ.

"ಗೊತ್ತಿಲ್ಲ ಕಣಮ್ಮಾ. ನಾನು ಕೆಳಗೆ ಟೀ ಕುಡಿಯೋಕೆ ಹೋಗಿದ್ದೆ. ಬರೋಷ್ಟರಲ್ಲಿ ಹೋಗ್ಬಿಟ್ಟಿದ್ಲು."

ಅವಳು ನನ್ನ ಕಡೆ ತಿರುಗಿದಳು.

"ಟೀ ಆದ್ರೂ ಕುಡಿದ್ರಾ?"

"ಕುಡಿದೆ. ಒಂದು ಬನ್ನೂ ತಿಂದೆ."

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ನನಗೂ ಅಳು ಬರಲಿಲ್ಲ. ಅವಳು ಎದ್ದು ಸ್ಟವ್ ಹಚ್ಚಿ, ಇಬ್ಬರಿಗೂ ಟೀಗೆ ನೀರಿಟ್ಟಳು.