ಮದುವೆ ಕಾರ್ಡಿಗೊಂದು ಕುಟುಂಬ

ಫೋನು ಬಂದಾಗ ಅಕ್ಕ ಕಂಪ್ಯೂಟರ್ ಪರದೆಯ ಮೇಲೆ ತನ್ನದೇ ಕೆನ್ನೆಗೆ ಬಣ್ಣ ತುಂಬುತ್ತಿದ್ದಳು. ತಂಗಿಯ ಮದುವೆ ಕಾರ್ಡಿಗೆ ಮನೆಯ ನಾಲ್ವರ ಫೋಟೊವನ್ನು ಗೆರೆಚಿತ್ರ ಮಾಡುವ ಕೆಲಸ. ಆ ಫೋಟೊ ದೊಡ್ಡದು ಮಾಡಿದರೆ ಚೌಕ ಚೌಕವಾಗಿ ಒಡೆದುಹೋಗುತ್ತಿತ್ತು. ಅದರ ಮೇಲೆ ಒಂದೊಂದೇ ಗೆರೆ ಎಳೆದು ಬಣ್ಣ ತುಂಬಿದರೆ ಕಾರ್ಡಿಗೂ ಸರಿ, ಮದುವೆ ಹಾಲ್ ಬಾಗಿಲಿಗೆ ಕಟ್ಟುವ ಆಳೆತ್ತರದ ಬ್ಯಾನರಿಗೂ ಸರಿ. ಅವಳು ದುಡಿಯುವ ಪ್ರಿಂಟಿಂಗ್ ಅಂಗಡಿಯಲ್ಲಿ ಈ ಕೆಲಸದಲ್ಲಿ ಅಕ್ಕನದು ಎತ್ತಿದ ಕೈ.

ಅಕ್ಕನಿಗೆ ತೊನ್ನು. ಹತ್ತು ವರ್ಷದಲ್ಲಿ ಕೆನ್ನೆ, ಕತ್ತು, ಕೈಗಳಿಗೆಲ್ಲ ಹರಡಿತ್ತು. ಇದು ಅಂಟುವ ಕಾಯಿಲೆಯಲ್ಲ ಎಂದು ಡಾಕ್ಟರು ಹೇಳಿದ್ದನ್ನು ಮನೆಯವರೆಲ್ಲ ತಲೆಯಾಡಿಸಿ ಕೇಳಿಕೊಂಡು ಬಂದು, ಅವತ್ತೇ ಅವಳ ಲೋಟ ಬೇರೆ ಇಟ್ಟಿದ್ದರು. ಕಂಪ್ಯೂಟರಿಗೂ ಕರುಣೆಯಿಲ್ಲ, ತಾನಾಗಿ ಗೆರೆ ಎಳೆಯಲು ಬಿಟ್ಟರೆ ಮಚ್ಚೆಗಳನ್ನು ಹುಡುಕಿ ಹುಡುಕಿ ಒಂದೊಂದನ್ನೂ ಬೇರೆ ಆಕೃತಿ ಮಾಡಿಟ್ಟಿತು. ಹಾಗಾಗಿ ಅವಳು ಅದನ್ನೆಲ್ಲ ಅಳಿಸಿ ಕೈಯಾರೆ ಬರೆದು, ಮುಖಕ್ಕೆ ಒಂದೇ ಬಣ್ಣ ಕೊಟ್ಟಿದ್ದಳು. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಚಿತ್ರದಲ್ಲಾದರೂ ಮನೆಯವರ ಪಕ್ಕ ನಿಲ್ಲಬೇಕೆಂಬ ಆಸೆ, ಅಷ್ಟೇ.

ಫೋನಿನಲ್ಲಿ ಅಮ್ಮ. ಹುಡುಗನ ಕಡೆಯವರಿಗೆ ದೊಡ್ಡ ಮಗಳ ವಿಷಯವನ್ನೇ ಎತ್ತಿಲ್ಲವೆಂದೂ, ಅವರು ಬಂದಾಗಲೆಲ್ಲ ಅವಳನ್ನು ಅಂಗಡಿಗೆ ಸಾಗಹಾಕಿದ್ದೇ ಅದಕ್ಕೆಂದೂ, ಚಿತ್ರದಲ್ಲಿ ಮೂವರೇ ಇರಲಿ ಎಂದೂ ಸುತ್ತಿ ಬಳಸಿ ಹೇಳಿದರು. ಮಚ್ಚೆ ಕಾಣದ ಹಾಗೆ ಮಾಡಿದ್ದೇನೆ ಎಂದಳು ಅಕ್ಕ.

"ಚಿತ್ರಕ್ಕೆ ಬಣ್ಣ ಬಳೀತೀಯ, ಸರಿ. ಮದುವೆ ದಿನ ಏನ್ ಮಾಡ್ತೀಯ?" ಎಂದರು ಅಮ್ಮ. "ಅವತ್ತೂ ಅಂಗಡಿಗೇ ಹೋಗ್ಬಿಡು. ನಿನ್ನಿಂದ ಅವಳ ಬಾಳು ಹಾಳಾಗೋದು ಬೇಡ."

ಅಕ್ಕ ಫೋನಿಟ್ಟಳು. ಮೂರು ದಿನ ಕೂತು ತಿದ್ದಿದ ತನ್ನ ಆಕೃತಿಯನ್ನು ಒಂದು ಗುಂಡಿ ಒತ್ತಿ ಅಳಿಸಿದಳು. ಖಾಲಿ ಜಾಗ ಕಾಣದಿರಲೆಂದು ಅಪ್ಪನನ್ನು ಸ್ವಲ್ಪ ಈಚೆಗೆ ಎಳೆದಳು. ಅವಳ ಪರವಾಗಿ ಯಾವತ್ತೂ ಕೂತಲ್ಲಿಂದ ಅಲುಗಾಡದ ಅಪ್ಪ ಸಲೀಸಾಗಿ ಸರಿದರು.

ಮರುದಿನ ತಂಗಿಯೇ ಅಂಗಡಿಗೆ ಬಂದಳು, ಜೊತೆಗೆ ಅವಳ ಅತ್ತೆಯಾಗುವವರು. ಕಾರ್ಡು ಅಚ್ಚಾಗುವ ಮುಂಚೆ ನೋಡಲೇಬೇಕೆಂದು ಅವರೇ ಹಟ ಹಿಡಿದು ಅವಳನ್ನು ಎಳೆದುಕೊಂಡು ಬಂದದ್ದು. ಅಕ್ಕ ಎದ್ದು ಕುರ್ಚಿ ಕೊಟ್ಟಳು.

"ಅತ್ತೆ, ಇವ್ರೇ ಕಾರ್ಡ್ ಮಾಡ್ತಿರೋರು," ಎಂದಳು ತಂಗಿ.

ಅತ್ತೆ ಒಳ್ಳೆಯ ಹೆಂಗಸು. ಅಕ್ಕನ ಕೈ ನೋಡಿ ಮುಖ ಸಿಂಡರಿಸಲಿಲ್ಲ. "ನಮ್ಮತ್ತೆಗೂ ಹೀಗೇ ಇತ್ತಮ್ಮ," ಎಂದರು. "ನನ್ ಮಗ ಬೆಳೆದಿದ್ದೇ ಅವರ ಕೈತುತ್ತು ತಿಂದು."

ಅಕ್ಕ ತಂಗಿಯನ್ನು ನೋಡಿದಳು. ಈಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ತಂಗಿ ಪರದೆಯಿಂದ ಕಣ್ಣು ಕೀಳಲಿಲ್ಲ.

"ಇವಳ ಭುಜದ ಮೇಲೆ ಏನಮ್ಮ ಇದು ಬೆಳ್ಳಗೆ?" ಅತ್ತೆ ಪರದೆಯಲ್ಲಿದ್ದ ತಂಗಿಯ ಚಿತ್ರಕ್ಕೆ ಬೆರಳಿಟ್ಟು ತೋರಿಸಿದರು.

ಫೋಟೊದಲ್ಲಿ ಅಕ್ಕ ತಂಗಿಯ ಭುಜದ ಮೇಲೆ ಕೈಯಿಟ್ಟು ನಿಂತಿದ್ದಳು. ಆಕೃತಿಯ ಜೊತೆ ಕೈಯೂ ಹೋಗಿ ಅಲ್ಲಿ ನಾಲ್ಕು ಬೆರಳಿನ ಆಕಾರದಲ್ಲಿ ಜಾಗ ಖಾಲಿ ಉಳಿದಿತ್ತು. ನಿನ್ನೆ ಕಣ್ಣು ಮಂಜಾಗಿ ಅದು ಅವಳಿಗೆ ಕಂಡಿರಲಿಲ್ಲ.

"ಅದನ್ನೂ ಅಳಿಸ್ಬಿಡಿ ಮೇಡಂ," ಎಂದಳು ತಂಗಿ.

ಅಕ್ಕ ತಂಗಿಯ ಉಡುಪಿನ ಹಸಿರನ್ನು ಆರಿಸಿಕೊಂಡು, ಕಿರುಬೆರಳಿನ ಜಾಗದಿಂದ ಶುರುಮಾಡಿ ಒಂದೊಂದೇ ಬೆರಳನ್ನು ತುಂಬುತ್ತ ಬಂದಳು.