ಚೀಲದ ತಳದಲ್ಲಿದ್ದ ಪೆನ್ನು

ತುರ್ತು ಕರೆಗಳ ಕಚೇರಿಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುವವಳಿಗೆ ಲೋಕ ಬೇರೆಯೇ ಥರ ಕಾಣುತ್ತದೆ. ಉಳಿದವರಿಗೆ ಕೆರೆಯೆಂದರೆ ನೀರು, ಮರವೆಂದರೆ ನೆರಳು. ಅವಳಿಗೆ ಕೆರೆಯೆಂದರೆ ಮುಳುಗಿದ ಮಗು, ಮರವೆಂದರೆ ಮುರಿದ ಕಾಲು. ಬೇಸಿಗೆ ಶಿಬಿರದಲ್ಲಿ ಕೆರೆಯೂ ಇದೆ, ಮರ ಹತ್ತುವುದೂ ಇದೆ ಎಂದು ಮಗಳು ಚೂಟಿ ಕುಣಿದಾಡುತ್ತ ಹೇಳಿದ ದಿನವೇ ಅವಳು ಬೇಡವೆಂದಿದ್ದಳು.

ಎಲ್ಲಕ್ಕಿಂತ ದೊಡ್ಡ ಭಯ ಕಣಜದ ಹುಳುವಿನದು. ಚೂಟಿ ಇನ್ನೂ ತೊದಲು ಮಾತಾಡುತ್ತಿದ್ದಾಗ ಅಂಥದೊಂದು ಹುಳು ಕಚ್ಚಿ, ಮುಖವೆಲ್ಲ ಊದಿ, ಉಸಿರು ಸಿಕ್ಕಿಕೊಂಡು, ಮಗು ಕೈತಪ್ಪಿ ಹೋಗುವುದರಲ್ಲಿತ್ತು. ಅಂದಿನಿಂದ ಚುಚ್ಚುಮದ್ದಿನ ಪೆನ್ನೊಂದು ತಾಯಿಯ ಕೈಚೀಲ ಬಿಟ್ಟು ಕದಲಿರಲಿಲ್ಲ. ಹುಳು ಕಚ್ಚಿದ ಕೂಡಲೇ ಮುಚ್ಚಳ ಕಿತ್ತು ತೊಡೆಗೆ ಒತ್ತಿ ಹಿಡಿಯಬೇಕು, ಅಷ್ಟೇ. ಮದ್ದಿಲ್ಲದ ಪೆನ್ನೊಂದನ್ನು ಕೊಟ್ಟು ಮಗಳಿಗೂ ಕಲಿಸಿದ್ದಳು. ಚೂಟಿ ಅದನ್ನು ದಿಂಬಿಗೆ, ಸೋಫಾಕ್ಕೆ, ಒಮ್ಮೆ ಗೊರಕೆ ಹೊಡೆಯುತ್ತಿದ್ದ ಅಜ್ಜಿಯ ತೊಡೆಗೂ ಒತ್ತಿ ಬೈಸಿಕೊಂಡಿದ್ದಳು.

ಲಾರಿ ಓಡಿಸುವ ಗಂಡ ಫೋನಿನಲ್ಲೇ "ಹೋಗ್ಲಿ ಬಿಡೇ, ಆಸೆ ಪಡ್ತಿದೆ" ಎಂದಿದ್ದ. ಅತ್ತೆ ಮೊದಲಿಂದಲೂ ಮೊಮ್ಮಗಳ ಕಡೆ. ಇವಳೊಬ್ಬಳು ಬೇಡವೆಂದರೆ ಯಾರು ಕೇಳುತ್ತಾರೆ? ರಜೆ ಹಾಕಿ, ಮಂಚದ ಮೇಲೆ ದೊಡ್ಡ ಚೀಲವಿಟ್ಟುಕೊಂಡು ತುಂಬಲು ಕುಳಿತಳು.

ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದ ಅತ್ತೆ ಕೇಳಿದರು, "ಎರಡು ಟಾರ್ಚ್ ಯಾಕಮ್ಮಾ?"

"ಒಂದು ಕೆಟ್ಟುಹೋದ್ರೆ?"

"ಮತ್ತೆ ಆ ಮೂರನೇದು?"

"ಎರಡನೇದು ಕಳೆದುಹೋದ್ರೆ ಅತ್ತೆ?"

"ಮಗೂನ ಶಿಬಿರಕ್ಕೆ ಕಳಿಸ್ತಿದ್ದೀಯೋ, ದಂಡಿಗೆ ಕಳಿಸ್ತಿದ್ದೀಯೋ?"

ಅವಳಿಗೆ ನಗು ಬರಲಿಲ್ಲ. ಪೆನ್ನನ್ನು ಕೈಚೀಲದಿಂದ ತೆಗೆದು, ಒಡೆದುಗಿಡೆದೀತೆಂದು ಟವೆಲಿನಲ್ಲಿ ಸುತ್ತಿ, ಕಾಲುಚೀಲದ ಗಂಟುಗಳ ನಡುವೆ ಚೀಲದ ತಳಕ್ಕೆ ಸೇರಿಸಿದಳು. ಅದರ ಮೇಲೆ ಅಂಗಿ, ಸ್ವೆಟರು, ಬೂಟು, ಟಾರ್ಚು, ಎಲ್ಲವನ್ನೂ ಒತ್ತಿ ಒತ್ತಿ ತುಂಬಿ ಜಿಪ್ ಎಳೆದಳು.

ಬಾಲ್ಕನಿಯಲ್ಲಿ ಬಿಸಿಲಿಗೆ ಹಾಕಿದ್ದ ಮಲಗುಚೀಲವನ್ನು ಚೂಟಿ ಎಳೆದು ತಂದು ನೆಲಕ್ಕೆ ಹಾಸಿದಳು. "ಅಮ್ಮಾ, ನೋಡಿಲ್ಲಿ, ಹೀಗೇ ಮಲಗೋದು!" ಎನ್ನುತ್ತ ಕತ್ತಿನ ತನಕ ಒಳಗೆ ತೂರಿದಳು. ಅಜ್ಜಿ ನಕ್ಕರು. ಆ ನಗು ಮುಗಿಯುವ ಮೊದಲೇ ಚೂಟಿ ಚೀರಿದಳು. ಒದ್ದಾಡಿಕೊಂಡು ಹೊರಬಂದವಳ ಭುಜದಿಂದ ಹಳದಿ ಪಟ್ಟೆಯ ಹುಳುವೊಂದು ಎದ್ದು ಕಿಟಕಿ ಗಾಜಿಗೆ ಬಡಿದುಕೊಂಡು ಗುಂಯ್‌ಗುಡತೊಡಗಿತು.

ದಿನಕ್ಕೆ ಅದೆಷ್ಟೋ ಜನರಿಗೆ "ಗಾಬರಿಯಾಗ್ಬೇಡಿ, ನಾನು ಹೇಳಿದ ಹಾಗೆ ಮಾಡಿ" ಎನ್ನುವವಳು ಅವಳು. ಫೋನು ತೆಗೆದು ಒತ್ತಿದ್ದೇನೋ ಹೌದು. ಆ ಕಡೆಯಿಂದ ಪಕ್ಕದ ಕುರ್ಚಿಯ ಸಹೋದ್ಯೋಗಿ, ಕಚೇರಿಯವರೆಲ್ಲ ದೊಡ್ಡಪ್ಪ ಎಂದು ಕರೆಯುವ ಹಿರಿಯ, ತನ್ನ ಎಂದಿನ ದನಿಯಲ್ಲಿ ಕೇಳಿದ, "ತುರ್ತು ಸೇವೆ. ವಿಳಾಸ ಹೇಳಿ."

ನಾಲಿಗೆ ಹೊರಳಲಿಲ್ಲ. ಮದುವೆಯಾಗಿ ಬಂದಂದಿನಿಂದ ಇದ್ದ ಮನೆಯ ವಿಳಾಸ ತಲೆಯಿಂದ ಅಳಿಸಿಹೋಗಿತ್ತು. ಮಗಳ ಕತ್ತಿನ ಮೇಲೆ ಕೆಂಪು ದದ್ದುಗಳು ಹಬ್ಬುತ್ತಿರುವುದು ಕಾಣುತ್ತಿತ್ತು, ತುಟಿ ದಪ್ಪಗಾಗುತ್ತಿರುವುದು ಕಾಣುತ್ತಿತ್ತು. ಕಾಲು ಮಾತ್ರ ನೆಲಕ್ಕೆ ಕಚ್ಚಿಕೊಂಡು ಬಿಟ್ಟಿತ್ತು.

"ಅಮ್ಮಾ... ಪೆನ್ನು" ಎಂದಳು ಚೂಟಿ. ದನಿ ಆಗಲೇ ಗೊಗ್ಗರಾಗಿತ್ತು.

"ತಳ... ತಳದಲ್ಲಿ" ಅಂದಳು ಇವಳು, ಕೈಯೆತ್ತಿ ತೋರಿಸಲೂ ಆಗದೆ.

ಅತ್ತೆ ಮಂಡಿನೋವನ್ನೆಲ್ಲ ಮರೆತು ಎದ್ದು, ಜಿಪ್ ಎಳೆದು ಚೀಲವನ್ನು ಬುಡಮೇಲು ಮಾಡಿದರು. ಟಾರ್ಚುಗಳು ಉರುಳಿ ಮಂಚದ ಕೆಳಗೆ ಹೋದವು. ಒಂದು ಕೈಯಲ್ಲಿ ಟವೆಲು ಬಿಚ್ಚುತ್ತ, ಇನ್ನೊಂದರಲ್ಲಿ ಸೊಸೆಯ ಫೋನು ಕಿತ್ತುಕೊಂಡು ಕೂಗಿದರು, "ಅಂಚೆ ಕಚೇರಿ ಹಿಂದಿನ ರಸ್ತೆ, ನೀರಿನ ಟ್ಯಾಂಕ್ ಎದುರಿನ ಮನೆ, ಮೂರನೇ ಮಹಡಿ! ಹುಳ ಕಚ್ಚಿದೆ, ಮಗು ಉಸಿರಾಡ್ತಿಲ್ಲ ಸರಿಯಾಗಿ, ಬೇಗ ಬನ್ನಿ!"

ಚೂಟಿ ಅಜ್ಜಿಯ ಕೈಯಿಂದ ಪೆನ್ನು ತೆಗೆದುಕೊಂಡಳು. ಮುಚ್ಚಳ ಕಿತ್ತಳು. ಒಂದು ಕ್ಷಣ ತಾಯಿಯ ಮುಖ ನೋಡಿದಳು. ಕಣ್ಣು ಮುಚ್ಚಿ, ಚಡ್ಡಿಯ ಮೇಲಿಂದಲೇ ತೊಡೆಗೆ ಒತ್ತಿ ಹಿಡಿದು ಮೆಲ್ಲಗೆ ಎಣಿಸತೊಡಗಿದಳು.

ಆ ಎಣಿಕೆ ಕೇಳಿದ ಮೇಲೆಯೇ ತಾಯಿಗೆ ಮೈ ತನ್ನದಾದದ್ದು. ಧಾವಿಸಿ ಬಂದು ಮಗಳನ್ನು ಗೋಡೆಗೆ ಒರಗಿಸಿ ಕೂರಿಸಿ, ಕಾಲು ಚಾಚಿಸಿ, ಬೆನ್ನು ಹಿಡಿದು ಕುಳಿತಳು. ಕೆಳಗೆ ಆಂಬುಲೆನ್ಸಿನ ಸದ್ದು ಕೇಳುವವರೆಗೆ ಆ ಪುಟ್ಟ ಎದೆ ಏರುವುದನ್ನು, ಇಳಿಯುವುದನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಸಂಜೆಯ ಹೊತ್ತಿಗೆ ಆಸ್ಪತ್ರೆಯ ಹಾಸಿಗೆಯಲ್ಲಿ ಚೂಟಿಯ ತುಟಿ ಮೊದಲಿನಂತಾಗಿತ್ತು. ರಾತ್ರಿಯೊಂದು ಇಲ್ಲೇ ಇರಲಿ, ಆಮೇಲೆ ತೊಂದರೆಯಿಲ್ಲ ಎಂದರು ಡಾಕ್ಟರಮ್ಮ. ಶಿಬಿರಕ್ಕೂ ಹೋಗಬಹುದು, ಅಲ್ಲಿ ನರ್ಸ್ ಇದ್ದರಾಯಿತು. ಆದರೆ ಪೆನ್ನು ಎರಡಿರಬೇಕು, ಸದಾ ಮೈಮೇಲೇ ಇರಬೇಕು.

ಡಾಕ್ಟರಮ್ಮ ಅತ್ತ ಹೋದದ್ದೇ ಅವಳು ಹೇಳಿದಳು, "ಎಲ್ಲೂ ಹೋಗೋದು ಬೇಡ. ಮನೇಲಿರು."

"ಕಚ್ಚಿದ್ದು ಮನೇಲೇ ಅಲ್ವಾ ಅಮ್ಮಾ?"

ಅವಳು ಮಗಳ ಕೈ ಹಿಡಿದು ಅಳತೊಡಗಿದಳು. "ನಾನು ಸುಮ್ನೆ ನಿಂತುಬಿಟ್ಟೆ ಕಣೇ. ಕಂಬದ ಹಾಗೆ ನಿಂತುಬಿಟ್ಟೆ."

"ನೋಡಿದೆ" ಎಂದಳು ಚೂಟಿ. "ನಂಗೂ ತುಂಬಾ ಭಯ ಆಯ್ತು. ಈಗ್ಲೂ ಆಗ್ತಿದೆ. ಆದ್ರೂ ಹೋಗ್ತೀನಿ. ಕಳಿಸ್ತೀಯಾ?"

ಅವಳು ಕಣ್ಣೊರೆಸಿಕೊಂಡು, ಎರಡು ಪೆನ್ನು ಬರೆಸಿಕೊಳ್ಳಲು ಡಾಕ್ಟರಮ್ಮನ ಬಳಿಗೆ ಎದ್ದು ಹೋದಳು.

ಬಸ್ಸು ಹೊರಟ ದಿನ ಚೂಟಿಯ ಸೊಂಟದ ಪಟ್ಟಿಯಲ್ಲಿ ಎರಡು ಹೊಸ ಪೆನ್ನುಗಳಿದ್ದವು. ಶಿಬಿರದ ನರ್ಸಿಗೆ ತಾಯಿ ಎಲ್ಲವನ್ನೂ ಎರಡೆರಡು ಸಲ ಹೇಳಿದಳು. ನರ್ಸ್ ಬೇಸರಿಸದೆ ಎರಡು ಸಲವೂ ಕೇಳಿಸಿಕೊಂಡಳು. ಚೂಟಿ ಕಿಟಕಿಯಿಂದ ಕೈ ಬೀಸಿದಳು. ಬಸ್ಸು ತಿರುವು ದಾಟುವ ಮೊದಲೇ ಪಕ್ಕದವಳ ಜೊತೆ ಮಾತಿಗಿಳಿದಿದ್ದಳು.

ಮಾರನೆಯ ದಿನ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುತ್ತಿರುವಾಗ ಶಿಬಿರದ ನಂಬರಿನಿಂದ ಫೋನು ಬಂತು. ಅವಳು ಫೋನನ್ನು ಅತ್ತೆಯತ್ತ ಚಾಚಿದಳು. ಅತ್ತೆಯೇ ತೆಗೆದು, ಕೇಳಿಸಿಕೊಂಡು, ಅವಳ ಕಿವಿಗೆ ಹಿಡಿದರು.

"ಅಮ್ಮಾ, ಪಕ್ಕದವಳು ಅಜ್ಜಿಗಿಂತ ಜೋರಾಗಿ ಗೊರಕೆ ಹೊಡೀತಾಳೆ!"

ಅವಳು ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು. "ಮಲಗುಚೀಲ ಕೊಡವಿ ಮಲಗಿದ್ಯಾ?" ಎಂದಳು.