ಗುಮ್ಮಟ ಹತ್ತಿದ ನೀಲಗಂಗಮ್ಮ

ನೀಲಗಂಗಮ್ಮನೂ ಪೋತ್ನಾಳದಲ್ಲಿ ಅಕ್ಕಿ ಗಿರಣಿ ನಡೆಸುವ ಅವಳ ಗಂಡ ಈರಯ್ಯನೂ ಇಟಲಿ ಪ್ರವಾಸಕ್ಕೆ ಹೋಗಿದ್ದರು. ಫ್ಲಾರೆನ್ಸಿನ ಹಳೆಯ ಚರ್ಚಿನ ಗುಮ್ಮಟ ಹತ್ತುವ ಬಾಗಿಲ ಬಳಿ ಈರಯ್ಯ ಮೊಣಕಾಲು ಹಿಡಿದುಕೊಂಡು ಕುಳಿತುಬಿಟ್ಟ.

"ಮೆಟ್ಲ ಭಾಳ ಇಕ್ಕಟ್ಟ ಅದಾವಂತ. ನನ್ನ ಕೈಲಿ ಆಗೂದಿಲ್ಲ. ನೀನೂ ಬ್ಯಾಡ ಬಿಡು."

ನೀಲಗಂಗಮ್ಮ ತಲೆಯೆತ್ತಿ ನೋಡಿದಳು. ಮದುವೆಯಾದಾಗಿನಿಂದ ರಾಯಚೂರಿಗೂ ಒಬ್ಬಳೇ ಹೋದವಳಲ್ಲ. ಇಲ್ಲಿ ಭಾಷೆಯೂ ಬಾರದು. ಹತ್ತದಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಮನಸ್ಸು ಒಪ್ಪಲಿಲ್ಲ.

"ನಾ ಹೋಗಿ ಬರ್ತೀನ್ರೀ."

"ಒಬ್ಬಾಕಿನ? ಅಂಜಿಕಿ ಬರೂದಿಲ್ಲೇನು?"

"ಬರ್ತದ್ರೀ. ಆದ್ರೂ ಹೊಕ್ಕೀನಿ," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಗೋಡೆ ಹಿಡಿದು, ಅಲ್ಲಲ್ಲಿ ದಮ್ಮು ತೆಗೆದುಕೊಂಡು ಹತ್ತಿದಳು. ಮೇಲೆ ತಣ್ಣನೆಯ ಗಾಳಿ ಬೀಸುತ್ತಿತ್ತು. ಕೆಳಗೆ ಚುಕ್ಕಿಯಂತಿದ್ದ ಜನರಲ್ಲಿ ಗಂಡ ಯಾರೆಂದು ಗುರುತಾಗಲಿಲ್ಲ. ಇಳಿಯುವ ಅವಸರವೂ ಅವಳಿಗೆ ಆಗಲಿಲ್ಲ. ಇನ್ನಷ್ಟು ಹೊತ್ತು ಅಲ್ಲೇ ನಿಂತಳು.